ಗಜನಿ ಒಡ್ಡಿನ ಬೆಕ್ಕು

ನಿನ್ನೆ ಮೊಮ್ಮಗಳು ಬಂದು, "ಅಜ್ಜಿ, ಒಡ್ಡಿನ ಮೇಲೆ ಕಾಡುಬೆಕ್ಕಿನ ಹೆಜ್ಜೆ ಉಂಟು, ಪಕ್ಕದಲ್ಲೇ ಮರಿಗಳದ್ದೂ" ಅಂದಳು. ಖುಷಿಗೆ ನನಗೆ ಊಟ ಸೇರಲಿಲ್ಲ. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು, ಆದರೂ ಇದನ್ನು ಬರೆಯದೆ ಇರಲಾರೆ.

ನಾನು ಕುಮಟೆಯ ಕಡೆ ಸೊಸೆಯಾಗಿ ಬಂದದ್ದು ಅರವತ್ತನೇ ಇಸವಿಯ ಸುಮಾರಿಗೆ. ಹೊಳೆಯ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿದ ತಗ್ಗು ಗದ್ದೆಗಳಿಗೆ ಇಲ್ಲಿ ಗಜನಿ ಅನ್ನುತ್ತಾರೆ. ಊರವರ ಅನ್ನವೆಲ್ಲ ಅದರೊಳಗೆ. ಒಡ್ಡು ಕಾಯುವವರು ನನ್ನ ಮಾವ.

ಒಡ್ಡಿನ ಕೇದಿಗೆ ಪೊದೆಯಲ್ಲಿ ಒಂದು ಕಾಡುಬೆಕ್ಕಿತ್ತು. ಉದ್ದ ಕಾಲು, ಗಿಡ್ಡ ಬಾಲ, ಒಣಹುಲ್ಲಿನ ಬಣ್ಣ, ಕಿವಿತುದಿಯಲ್ಲಿ ಕಪ್ಪು ಕೂದಲು. ಸಂಜೆ ಗದ್ದೆಯಂಚಿಗೆ ಅಲುಗದೆ ಕೂತು ಇಲಿ ಕಾಯುತ್ತಿತ್ತು. ಕಪ್ಪೆ, ಏಡಿ ಸಿಕ್ಕರೂ ಬಿಡದು. ನಾನು ಹತ್ತಿರ ಹಾದರೆ ಓಡುತ್ತಿರಲಿಲ್ಲ, ಕಿವಿ ಮಾತ್ರ ತಿರುಗಿಸುತ್ತಿತ್ತು. ಆ ಹೊಸತರಲ್ಲಿ ತಪ್ಪು ಹುಡುಕದೆ ನನ್ನನ್ನು ನೋಡುತ್ತಿದ್ದದ್ದು ಅದೊಂದೇ.

ಚೌತಿ ಕಳೆದು ತೆನೆಗೆ ಹಾಲು ತುಂಬುವ ಹೊತ್ತು. ಅಮಾಸೆಯ ಭರತಿಗೆ ಸಮುದ್ರ ಉಬ್ಬಿ ಹೊಳೆಗೆ ನುಗ್ಗುತ್ತದೆಂದು ಮಾವ ಒಡ್ಡು ನೋಡಲು ಹೋದರು. ಕೇದಿಗೆ ಬುಡದಲ್ಲಿ ಉಡ ಕೊರೆದ ಹಳೇ ಮಾಟೆಯಿತ್ತು. ನಾನು ಜೇಡಿಮಣ್ಣು ಹೊತ್ತು ಕೊಟ್ಟೆ. ಅವರು ತೂತಿಗೆ ತುಂಬಿ ತುಳಿದು ಮುಚ್ಚಿದರು.

ಬೆಳಗಾಗುವಾಗ ಒಡ್ಡು ಅಲ್ಲೇ ಒಡೆದಿತ್ತು. ಕಗ್ಗ ಭತ್ತ ಉಪ್ಪಿಗೆ ಹೆದರುವುದಲ್ಲ, ಆದರೆ ಹಾಲುತೆನೆ ನೀರಡಿ ಮಲಗಿದರೆ ಎಲ್ಲ ಜಳ್ಳು.

ಊರವರು ಸೇರಿದರು. ಎಳೆಗೂಸು ಎತ್ತಿಕೊಂಡಿದ್ದ ನೆರೆಮನೆಯ ಅಕ್ಕ ನನ್ನತ್ತ ತಿರುಗಿ, "ಇಷ್ಟು ವರ್ಷ ಒಡೆಯದ ಒಡ್ಡು. ಎಂತಾ ಕಾಲ್ಗುಣ ತಂದ್ಯೆ ತಂಗಿ" ಅಂದಳು.

ಅತ್ತೆ, "ಇವಳನ್ನು ತವರಿಗೆ ಬಿಟ್ಟು ಬರುವ" ಅಂದರು. ಹಾಗೆ ಬಿಟ್ಟುಬಂದವರನ್ನು ಮತ್ತೆ ಕರೆತರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಮಾವ ಒಡೆದ ಅಂಚಿಗೆ ಇಳಿದು ಬಗ್ಗಿದರು. ಉಳಿದಿದ್ದ ಹಸಿಮಣ್ಣಿನ ತುಂಬ ಉಗುರಿನ ಗೀರು. ಅರ್ಧ ಕುಸಿದ ಮಾಟೆಯೊಳಗೆ ಕೈಹಾಕಿ ಒಂದೊಂದೇ ಮರಿ ತೆಗೆದು ಹುಲ್ಲಿನ ಮೇಲಿಟ್ಟರು. ಕಣ್ಣು ಬಿಡದವು, ಮೈಯೆಲ್ಲ ಕೆಸರು, ಉಸಿರಿಲ್ಲ. ತಾಯಿ ಆಚೆ ತುಂಡು ಒಡ್ಡಿನ ಮೇಲೆ ಒದ್ದೆಯಾಗಿ ಕೂತಿತ್ತು. ನಾನು ಹತ್ತಿರ ಹೋದರೂ ಕಿವಿ ತಿರುಗಿಸಲಿಲ್ಲ.

"ಇವಳ ಕಾಲಿಗೆ ಎಂತಕ್ಕೆ ಹೇಳ್ತ್ಯೆ? ನನ್ನ ಕೈ ನೋಡು" ಅಂದರು ಮಾವ ಅತ್ತೆಗೆ. "ಒಳಗೆ ಜೀವ ಉಂಟಾ ಅಂತ ನೋಡದೆ ಮುಚ್ಚಿದೆ. ಅದು ಮರಿಗಾಗಿ ಕೆರೆದಿದೆ, ಕೆರೆದಲ್ಲಿ ನೀರು ನುಗ್ಗಿದೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನಗೆ, "ಆತು, ಮಣ್ಣು ಹೊರುವ ಬುಟ್ಟಿ ತಾ" ಅಂದರು. ನಾನು ಉಳಿದೆ.

ಆ ವರ್ಷ ಕೆಸವಿನ ಗಡ್ಡೆ, ಹೊಳೆಯ ಬೆಳಚು ಚಿಪ್ಪಿ ತಿಂದು ಜೀವ ಹಿಡಿದೆವು. ನೆರೆಮನೆಯ ಅಕ್ಕನಿಗೆ ಎದೆಹಾಲು ಬತ್ತಿ ಕೂಸು ಹೋಯಿತು. ಅವಳು ಮಾವನೊಂದಿಗೆ ಮತ್ತೆ ಮಾತಾಡಲಿಲ್ಲ. ಬೆಕ್ಕೂ ಕಾಣಲಿಲ್ಲ. ಮಾವ ಸಾಯುವವರೆಗೂ ಪ್ರತಿ ಮಾಟೆಗೆ ಭುಜದವರೆಗೆ ಕೈಹಾಕಿ ತಡಕಿಯೇ ಮಣ್ಣು ತುಂಬಿದರು. ಏಡಿ ಕಚ್ಚಿ ಬೆರಳು ಹರಿದರೂ ಬಿಡಲಿಲ್ಲ.

ಇಂದು ಬೆಳಿಗ್ಗೆ ಮೊಮ್ಮಗಳ ಜೊತೆ ಕೋಲೂರಿಕೊಂಡು ಹೋಗಿ ನಾನೇ ನೋಡಿ ಬಂದೆ. ಗಜನಿ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಕೇದಿಗೆ ಬುಡದಲ್ಲಿ ಮಾಟೆ, ಬಾಯಲ್ಲಿ ಪುಟ್ಟ ಪುಟ್ಟ ಹೆಜ್ಜೆ.

"ಕೈಹಾಕಿ ನೋಡ್ಲಾ ಅಜ್ಜಿ?"

"ಬೇಡ ಮಗಾ. ಈಗ ಇದನ್ನ ಮುಚ್ಚುವವರು ಯಾರೂ ಇಲ್ಲ."