ಡಾಡ್ ಇಮ್ರಿಯ ಎರಡು ನಿಮಿಷದ ವಂದನಾರ್ಪಣೆ

ನಮ್ಮ ಇಂಚ್‌ಬ್ರೇ ಊರಿನಲ್ಲಿ ವಂದನಾರ್ಪಣೆ ಎಂದರೆ ಡಾಡ್ ಇಮ್ರಿ. ಸ್ಕಾಟ್ಲೆಂಡಿನ ಹಳೆಯ ಮನೆ, ಕೋಟೆ, ತೋಟಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ನಮ್ಮೂರಲ್ಲೂ ಒಂದು ಬೆಂಬಲಿಗರ ಬಳಗವಿದೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಮಂಗಳವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಒಂದು ಉಪನ್ಯಾಸ, ಆಮೇಲೆ ಚಹಾ. ನಾನು ಇಷ್‌ಬೆಲ್, ಬಳಗದ ಕಾರ್ಯದರ್ಶಿ. ಹೆಸರಿಗೆ ಕಾರ್ಯದರ್ಶಿ, ಮಾಡುವುದು ಚಹಾ.

ಮೊದಲು ವಂದನಾರ್ಪಣೆ ಪಾದ್ರಿಗಳ ಪಾಲಾಗಿತ್ತು. ಅಬ್ಬಬ್ಬಾ! ಭಾಷಣಕಾರರು ಮುಕ್ಕಾಲು ಗಂಟೆ ಹೇಳಿದ್ದನ್ನು ಇವರು ಇನ್ನೊಂದು ಮುಕ್ಕಾಲು ಗಂಟೆ ಹೇಳುತ್ತಿದ್ದರು. ಒಳಗೆ ನನ್ನ ಚಹಾ ಕಷಾಯವಾಗುತ್ತಿತ್ತು. ಒಂದು ಸಲ ಅವರಿಗೆ ಗಂಟಲು ಕಟ್ಟಿತು, ದೇವರು ದೊಡ್ಡವನು. ಹಿಂದಿನ ಸಾಲಿನಲ್ಲಿದ್ದ ಡಾಡ್‌ನನ್ನು ಎಬ್ಬಿಸಿದರು. ಅವನು ರಸ್ತೆ ಇಲಾಖೆಯಲ್ಲಿ ಹಿಮ ಗುಡಿಸುವ ಲಾರಿ ಓಡಿಸುತ್ತಿದ್ದವನು, ಸಭೆಯಲ್ಲಿ ಬಾಯಿ ತೆರೆದವನಲ್ಲ. ಎದ್ದು, ಭಾಷಣದಲ್ಲಿ ತನಗೆ ಹಿಡಿಸಿದ ಒಂದೇ ಮಾತು ಹೇಳಿ, ಒಂದು ತಮಾಷೆ ಮಾಡಿ, ಚಪ್ಪಾಳೆ ಹೊಡೆಸಿ ಕೂತ. ಎರಡು ನಿಮಿಷ. ಅಂದಿನಿಂದ ಇಪ್ಪತ್ತೆರಡು ವರ್ಷ ಆ ಕೆಲಸ ಅವನದೇ.

ಅವನದೊಂದು ನಿಯಮವಿತ್ತು: ಅತಿಥಿಯ ತಪ್ಪು ಎತ್ತಿ ಆಡಬಾರದು. ಒಬ್ಬ ಮಹಾಶಯರು ನಮ್ಮೂರ ಚರ್ಚನ್ನೇ ಪಕ್ಕದ ಊರಿಗೆ ಸಾಗಿಸಿ ಮಾತಾಡಿದರು. ಡಾಡ್ ಮಾತ್ರ ಆ ಅತಿಥಿ ತೋರಿಸಿದ ಫೋಟೋಗಳನ್ನು ಹೊಗಳಿ ಕೂತ. ನಾನು ರೇಗಿದೆ.

"ಏನೋ, ನಿನಗೆ ಬಾಯಿಲ್ವಾ? ಅವರಿಗೆ ಹೇಳೋಕೆ ಏನಾಗಿತ್ತು?"

"ಮನೆಗೆ ಬಂದೋರು ಕಣೇ ಇಷ್‌ಬೆಲ್. ಚಳೀಲಿ ಬಂದಿದಾರೆ. ಚಹಾ ಕೊಟ್ಟು ಕಳಿಸು."

ಪ್ರತಿ ನವೆಂಬರಿನ ಸಭೆಗೆ ಅವನು ಒಂದು ಬಕೆಟ್ ಪಿಯರ್ ಹಣ್ಣು ತರುತ್ತಿದ್ದ. ಸಣ್ಣ ಹಣ್ಣು, ಕಂದು ಸಿಪ್ಪೆ, ನೋಡಿದರೆ ಥೇಟ್ ಆಲೂಗಡ್ಡೆ. ನಾನು ಸಿಪ್ಪೆ ತೆಗೆದು, ಬೀಜದ ಭಾಗ ಕೊರೆದು ಬಿಸಾಡಿ, ಹೋಳುಗಳನ್ನು ಚೀಸಿನ ಜೊತೆ ತಟ್ಟೆಗೆ ಹಾಕುತ್ತಿದ್ದೆ. "ಯಾವ ಜಾತೀದೋ ಇದು?" ಅಂದರೆ "ಹಿತ್ತಲದ್ದು" ಎನ್ನುತ್ತಿದ್ದ. ಅಷ್ಟೇ.

ಒಂದು ವರ್ಷ ನವೆಂಬರಿನಲ್ಲಿ ಎಡಿನ್‌ಬರೋದಿಂದ ಸಂಸ್ಥೆಯ ಇತಿಹಾಸ ತಜ್ಞೆ, ಡಾಕ್ಟರ್ ಮೊರ್ವೆನ್ ಗಿಲ್‌ಕ್ರಿಸ್ಟ್ ಎಂಬ ಹುಡುಗಿ ಬಂದಿದ್ದಳು. ನನ್ನ ಲೆಕ್ಕಕ್ಕೆ ಹುಡುಗಿಯೇ, ನಲವತ್ತು ದಾಟಿರಲಿಲ್ಲ. ಪಿಟ್‌ಕಾರ್ನಿ ದೊಡ್ಡಮನೆಯ ಹಣ್ಣಿನ ತೋಟದ ಬಗ್ಗೆ ಉಪನ್ಯಾಸ. ಆ ಮನೆ ಈಗ ಸಂಸ್ಥೆಯದು. ಸದಸ್ಯರಿಗೆ ಟಿಕೆಟ್ ಇಲ್ಲ. ಬಳಗಕ್ಕೆ ಯಾಕೆ ಸೇರಿದೆ ಎಂದು ಕೇಳಿದರೆ ಡಾಡ್, "ಆ ಗೇಟಿನೊಳಗೆ ಯಾರನ್ನೂ ಕೇಳದೆ ಹೋಗಬಹುದಲ್ಲ" ಎಂದು ನಗುತ್ತಿದ್ದ.

ಡಾಕ್ಟರು ಪರದೆಯ ಮೇಲೆ ಒಂದು ಹಳೆಯ ಚಿತ್ರ ತೋರಿಸಿದರು. ಕಂದು ಸಿಪ್ಪೆಯ ಪಿಯರ್, ಸೀಳಿದ್ದು, ಬೀಜದ ಸುತ್ತ ತೆಳು ಗುಲಾಬಿ ಉಂಗುರ.

"ಈ ಜಾತಿ ಇದ್ದಿದ್ದು ಈ ತೋಟದಲ್ಲಿ ಮಾತ್ರ. ನಲವತ್ತೇಳರ ಆ ಕೆಟ್ಟ ಚಳಿಗಾಲದಲ್ಲಿ ತೋಟಗಾರ ಒಡೆಯರಿಗೆ ಹೇಳದೆ ಹನ್ನೆರಡೂ ಮರ ಸೌದೆಗೆ ಕಡಿದುಬಿಟ್ಟ. ಇಮ್ರಿ ಅಂತ ಅವನ ಹೆಸರು. ಕೆಲಸದಿಂದ ತೆಗೆದ ಪತ್ರ ಸಿಕ್ಕಿದೆ. ಅಲ್ಲಿಗೆ ಈ ಹಣ್ಣಿನ ಕಥೆ ಮುಗೀತು. ಬರೋ ವಸಂತಕ್ಕೆ ತೋಟದ ಬಾಗಿಲಲ್ಲಿ ಇದನ್ನೆಲ್ಲ ಫಲಕದಲ್ಲಿ ಬರೆಸ್ತಾ ಇದೀವಿ."

ತಲೆಗಳೆಲ್ಲ ಡಾಡ್‌ನತ್ತ ತಿರುಗಿದವು. ಆ ತೋಟಗಾರ ಡಾಡ್‌ನ ಅಪ್ಪ. ಪಾಪ, ಡಾಕ್ಟರಿಗೆ ಹೇಗೆ ಗೊತ್ತಿರಬೇಕು? ಊರಿಗೆಲ್ಲ ಗೊತ್ತಿತ್ತು. ಅರವತ್ತು ವರ್ಷ ಅವನ ಬೆನ್ನ ಹಿಂದೆ ಆಡಿಕೊಂಡ ಮಾತು ಅದು. ನಾನೂ ನಂಬಿದ್ದೆ, ಸುಳ್ಳೇಕೆ ಹೇಳಲಿ.

ನಾನು ಅಡುಗೆಮನೆಯ ಕಿಂಡಿಯಲ್ಲಿ ನಿಂತು ಹಣ್ಣು ಹೆಚ್ಚುತ್ತಿದ್ದೆ. ಕೈಯಲ್ಲಿದ್ದ ಪಿಯರ್ ಎರಡು ಹೋಳಾಗಿತ್ತು. ಬೀಜದ ಸುತ್ತ ಗುಲಾಬಿ ಉಂಗುರ. ಇಪ್ಪತ್ತು ವರ್ಷದಿಂದ ನಾನೇ ಕೊರೆದು ಕಸದ ಬುಟ್ಟಿಗೆ ಹಾಕಿದ್ದ ಉಂಗುರ!

ಅಧ್ಯಕ್ಷ ಲೊರಿಮರ್, ನಿವೃತ್ತ ಮೇಷ್ಟ್ರು, ಡಾಡ್‌ನ ಹತ್ತಿರ ಬಂದು ಬಗ್ಗಿದರು. "ಇವತ್ತು ನಾನೇ ವಂದನೆ ಹೇಳ್ತೀನಪ್ಪ. ನೀನು ಕೂತ್ಕೋ."

"ಬೇಡಿ ಮೇಷ್ಟ್ರೇ. ಅದು ನನ್ನ ಕೆಲಸ."

ಎದ್ದ. ಎಪ್ಪತ್ತೈದರ ಮುದುಕ, ಕುರ್ಚಿಯ ಬೆನ್ನು ಹಿಡಿದು ನಿಂತ.

"ಡಾಕ್ಟರಮ್ಮ, ಅಷ್ಟು ದೂರದಿಂದ ಬಂದ್ರಿ, ಥ್ಯಾಂಕ್ಸ್. ಆ ಗುಲಾಬಿ ಉಂಗುರದ ವಿಷ್ಯ ಹೇಳಿದ್ರಲ್ಲ, ಅದು ನನಗೆ ತುಂಬಾ ಹಿಡಿಸ್ತು. ತಮಾಷೆ... ಇವತ್ತು ಒಂದೂ ತೋಚ್ತಾ ಇಲ್ಲ."

ನಿಂತೇ ಇದ್ದ. ಚಪ್ಪಾಳೆಗೆ ಕೈ ಎತ್ತುತ್ತಾನೆ, ಕೂತುಬಿಡುತ್ತಾನೆ, ಆ ಫಲಕ ಹಾಗೇ ಬರುತ್ತದೆ ಎಂದು ನನಗೆ ಖಾತ್ರಿಯಾಯಿತು. ನಮ್ಮ ಬಳಗದಲ್ಲಿ ವಂದನಾರ್ಪಣೆಗೆ ಮುಂಚೆ ತಟ್ಟೆ ಹೊರಗೆ ಬಂದದ್ದೇ ಇಲ್ಲ. ಆಗಿದ್ದಾಗಲಿ ಎಂದು ಆ ಎರಡು ಹೋಳು ತಟ್ಟೆಯಲ್ಲಿಟ್ಟು ತಂದು ಡಾಕ್ಟರ ಮುಂದೆ ಕುಕ್ಕಿದೆ.

"ಮೊದ್ಲು ಇದನ್ನ ನೋಡಿ. ಅವನದೇ ಹಿತ್ತಲದ್ದು."

ಡಾಕ್ಟರು ಹೋಳನ್ನು ಕೈಗೆತ್ತಿಕೊಂಡರು. ಪರದೆ ನೋಡಿದರು, ಮತ್ತೆ ಹೋಳು ನೋಡಿದರು. "ಇದು ನಿಮಗೆ ಎಲ್ಲಿಂದ ಬಂತು?"

ಡಾಡ್ ನನ್ನ ಕಡೆ ಕೆಕ್ಕರಿಸಿ ನೋಡಿದ. ಆಮೇಲೆ ನೆಲ ನೋಡುತ್ತ ಹೇಳಿದ.

"ಯಾರಿಗೂ ಹೇಳಬೇಡ ಅಂತ ಅಪ್ಪ ಭಾಷೆ ತಗೊಂಡಿದ್ರು. ದೊಡ್ಡಮನೇಲಿ ಕಲ್ಲಿದ್ದಲು ಮುಗಿದಿತ್ತು. ಮರ ಕಡಿ ಅಂದಿದ್ದು ಒಡೆಯರೇ. ಕೊಡಲಿ ಹಾಕೋಕೆ ಮುಂಚೆ ಅಪ್ಪ ನಾಲ್ಕು ಕಡ್ಡಿ ಕೊಯ್ದು ಕೋಟಿನೊಳಗೆ ಇಟ್ಕೊಂಡ್ರು, ಕಸಿ ಮಾಡೋಕೆ. ವಸಂತದಲ್ಲಿ ಒಡತಿ ಲಂಡನ್ನಿಂದ ಬಂದು ಬೊಡ್ಡೆ ನೋಡಿ ಅತ್ರು. ಒಡೆಯರು, ತೋಟಗಾರ ಮಾಡಿದ್ದು ಅಂದ್ಬಿಟ್ರು. ಅಪ್ಪ ಬಾಯಿ ಬಿಡಲಿಲ್ಲ. ಜಗಳ ಎದ್ರೆ ಕಡ್ಡಿ ಕದ್ದಿದ್ದೂ ಹೊರಗೆ ಬರ್ತಿತ್ತು, ಕಸಿ ಮಾಡಿದ ಗಿಡ ಕಿತ್ಕೊಳ್ತಿದ್ರು. ಮನೆ ಬಿಡಿಸಿದ ದಿನ ಆ ಗಿಡ ಬಕೆಟ್ಟಲ್ಲಿಟ್ಟು ಗಾಡೀಲಿ ನನ್ನ ತೊಡೆ ಮೇಲೆ ಕೂರಿಸಿದ್ರು. ಬದುಕಿದ್ದು ಒಂದೇ ಗಿಡ. ಆಮೇಲೆ ಅಪ್ಪ ಸಾಯೋವರೆಗೂ ಆ ಗೇಟಿನ ದಾರೀಲಿ ನಡೀಲಿಲ್ಲ."

ಎರಡು ನಿಮಿಷ ದಾಟಿತ್ತು. ಯಾರೂ ಗಡಿಯಾರ ನೋಡಲಿಲ್ಲ. ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಡಾಕ್ಟರು ಪೆನ್ನು ತೆಗೆದು ತಮ್ಮ ಕಾಗದದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. "ಫಲಕ ಬೇರೆ ಬರೆಸ್ತೀನಿ. ನಿಮ್ಮ ತಂದೆಯವರ ಹೆಸರು ಹೇಳಿ."

"ಅಲೆಕ್ಸಾಂಡರ್ ಇಮ್ರಿ. ಊರೋರು ಸ್ಯಾಂಡಿ ಅಂತಿದ್ರು, ನೀವು ಪೂರ್ತಿ ಬರೀರಿ."

ಕೂರಲು ಹೋದವನು ಮತ್ತೆ ನಿಂತ.

"ಡಾಕ್ಟರಮ್ಮ, ಕಡ್ಡಿ ಕದ್ದಿದ್ದನ್ನೂ ಬರೀರಿ. ಮರ ಕಡಿದಿದ್ದು ಒಡೆಯರು ಹೇಳಿದ್ದಕ್ಕೆ. ಕದ್ದಿದ್ದು ಮಾತ್ರ ಅಪ್ಪ ತಾವಾಗೇ ಮಾಡಿದ್ದು."