ಹುಲ್ಲಿನ ಮಿಷನ್ನಿಗೆ ನಾನಿಟ್ಟ ಬೊಟ್ಟು

ಹಗ್ಗ ಎಳೆದೊಡನೆ ಸ್ಟಾರ್ಟ್ ಆಯಿತು. ಐದು ನಿಮಿಷ ಚೆನ್ನಾಗಿಯೇ ಓಡಿತು.

ಆಮೇಲೆ ಶುರುವಾಯಿತು ನೋಡಿ... ಒಮ್ಮೆ ಬುಸ್ಸೆಂದು ಏರುವುದು, ಒಮ್ಮೆ ಕುಸಿಯುವುದು, ಮತ್ತೆ ಏರುವುದು.

ಕಳೆದ ಶನಿವಾರ ನ್ಯಾಮತಿ ಹತ್ತಿರದ ನಮ್ಮೂರ ಶಾಲೆ ಮೈದಾನದಲ್ಲಿದ್ದೆ. ಕೈಯಲ್ಲಿ ನನ್ನದೇ ಹುಲ್ಲು ಕತ್ತರಿಸುವ ಮಿಷನ್.

ಮರುದಿನ ನಮ್ಮ ಏಳನೇ ಕ್ಲಾಸಿನವರೆಲ್ಲ ಸೇರುವುದಿತ್ತು. ನಮ್ಮ ಮೇಷ್ಟ್ರು ಈಗ ಕೋಲೂರಿ ನಡೆಯುತ್ತಾರೆ. "ಆ ಬೇವಿನ ಮರದ ಕೆಳಗೆ ಒಂದ್ಸಲ ಕೂರಬೇಕು ಕಣಪ್ಪ" ಎಂದು ಫೋನಿನಲ್ಲಿ ಕೇಳಿದ್ದರು.

ಮರ ಇರುವುದು ಮೈದಾನದ ಆ ತುದಿಗೆ. ನಡುವೆ ಮೊಣಕಾಲುದ್ದ ಹುಲ್ಲು.

"ಅರ್ಧ ದಿನದ ಕೆಲಸ, ನಾನೊಬ್ಬನೇ ಸಾಕು" ಎಂದು ಗ್ರೂಪಿನಲ್ಲಿ ಮೀಸೆ ತಿರುವಿದವನು ನಾನೇ.

ಈ ಮೈದಾನದ ಹುಲ್ಲಿನ ಬಗ್ಗೆ ನನಗಿರುವಷ್ಟು ಅನುಭವ ಯಾರಿಗೂ ಇಲ್ಲ ಬಿಡಿ. ಮಗ್ಗಿ ತಪ್ಪಿದವರಿಗೆ ಮೇಷ್ಟ್ರು ಹುಲ್ಲು ಕೀಳುವ ಶಿಕ್ಷೆ ಕೊಡುತ್ತಿದ್ದರು. ಹದಿಮೂರರ ಮಗ್ಗಿ ದೆಸೆಯಿಂದ ಅರ್ಧ ಮೈದಾನ ನಾನೇ ಕಿತ್ತಿದ್ದೇನೆ!

ಪ್ಲಗ್ ಬಿಚ್ಚಿ ಉಜ್ಜಿದೆ. ಏರ್ ಫಿಲ್ಟರ್ ಕೊಡವಿದೆ. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಊದಿದೆ, ಅದೂ ಕ್ಲೀನ್.

ಆದರೂ ಐದು ನಿಮಿಷ ಓಡುವುದು, ಮತ್ತೆ ಅದೇ ಉಯ್ಯಾಲೆ.

ನನ್ನ ಹಳೇ ಬೆಂಚಿನ ಗೆಳೆಯ ಹಾಲೇಶ ಕಟ್ಟೆ ಮೇಲೆ ಕುಡುಗೋಲು ಹಿಡಿದು ಕೂತಿದ್ದ. "ಏನಲೇ, ನಿನ್ ಮಿಷನ್ನಿಗೆ ದಮ್ಮು ಐತೇನು? ಇದನ್ನಾದ್ರೂ ಕೊಡ್ಲಾ?"

"ಸುಮ್ನೆ ಕುಂತ್ಕಳಲೇ. ಎಂಜಿನ್ ಅಂದ್ರೆ ಎಮ್ಮೆ ಮೇಯ್ಸಿದಂಗಲ್ಲ" ಎಂದೆ. ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಆಗ ನೆನಪಾದದ್ದು ಹೊಲಕ್ಕೆ ನೀರೆತ್ತುತ್ತಿದ್ದ ಅಪ್ಪನ ಸೀಮೆಎಣ್ಣೆ ಎಂಜಿನ್.

ಅದು ಹೀಗೆ ಏದುಸಿರು ಬಿಟ್ಟರೆ ಅಪ್ಪ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಬೀಡಿ ದೂರ ಎಸೆದು, ಮೊದಲು ಟ್ಯಾಂಕಿನ ಮುಚ್ಚಳ ತಿರುವಿ ಕಿವಿ ಕೊಡುತ್ತಿದ್ದ.

ನಾನೂ ಎಂಜಿನ್ ಆರಿಸಿ, ತಣಿದ ಮೇಲೆ ಮುಚ್ಚಳ ತಿರುವಿದೆ. ಸುಯ್... ಎಂದು ಗಾಳಿ ಒಳಕ್ಕೆ ಎಳೆದುಕೊಂಡಿತು.

ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿದರೆ ಪೆಟ್ರೋಲ್ ಸರಿಯಾಗಿ ಇಳಿಯುವುದಿಲ್ಲ.

ಆ ತೂತಿನ ಮೇಲೆ ಒಣಗಿ ಗಟ್ಟಿಯಾಗಿ ಕೂತಿತ್ತು... ಆಯುಧಪೂಜೆಗೆ ನಾನೇ ಭಕ್ತಿಯಿಂದ ಬಳಿದ ಮೂರು ಬೆರಳು ವಿಭೂತಿ, ನಡುವೆ ಕುಂಕುಮದ ಬೊಟ್ಟು!

ಚಿಕ್ಕವನಿದ್ದಾಗ ಅಪ್ಪನ ಎಂಜಿನ್ನಿಗೂ ಇದನ್ನೇ ಮಾಡಿದ್ದೆ. "ಹೊಟ್ಟೆಗೆ ಹಚ್ಚೋ ಮಗನೇ, ಮೂಗಿಗಲ್ಲ. ಅದೂ ಉಸಿರಾಡ್ಬೇಕು" ಎಂದು ತಲೆಗೊಂದು ಮೊಟಕಿದ್ದ.

ಆ ಮೊಟಕಿದ ಜಾಗದ ಕೂದಲು ಉದುರಿಹೋಗಿದೆ. ಅದರ ಜೊತೆ ಪಾಠವೂ ಉದುರಿತ್ತು.

ಹಾಲೇಶನಿಗೆ ಬೆನ್ನು ಮಾಡಿ ಪಿನ್ನಿನಿಂದ ತೂತು ಬಿಡಿಸಿದೆ. ಸಂಜೆವರೆಗೂ ಮಿಷನ್ ಒಂದೇ ದನಿಯಲ್ಲಿ ಹಾಡಿತು.

"ಕಾರ್ಬುರೇಟರ್ ಸೆಟ್ಟಿಂಗ್ ಕಣಲೇ, ನಿಂಗದು ತಿಳಿಯಂಗಿಲ್ಲ" ಎಂದಿದ್ದೆ. ಹಾಲೇಶಾ, ಇದನ್ನು ಓದಿದರೆ ಬೈಬೇಡ ಮಾರಾಯ.

ಭಾನುವಾರ ಮೇಷ್ಟ್ರು ಕೋಲೂರಿಕೊಂಡು ಮರದವರೆಗೂ ನಡೆದರು. ಕೂತು, ಮೈದಾನವನ್ನೆಲ್ಲ ಒಮ್ಮೆ ನೋಡಿ, ನನ್ನತ್ತ ತಿರುಗಿದರು.

"ಮಗ್ಗಿ ಇನ್ನೂ ಬಂದಿಲ್ವೇನಪ್ಪಾ ನಿನಗೆ?"

ಕೈ ಕಟ್ಟಿ ನಿಂತು ಹದಿಮೂರರ ಮಗ್ಗಿ ಶುರು ಮಾಡಿದೆ, ಏಳರವರೆಗೆ ಬಂತು... ಹದಿಮೂರೆಂಟ್ಲಿ ಎಷ್ಟು, ಯಾರಾದರೂ ಹೇಳ್ರಪ್ಪಾ?