ಬೆಟಗೇರಿಯ ಕೂಸಿನ ಸಕ್ಕರೆ

ಆಸ್ಪತ್ರೆಯ ಕೋಣೆಯಲ್ಲಿ ಬಾಣಂತಿ ಶಶಿಕಲಾ, ಪಕ್ಕದಲ್ಲಿ ಅವಳ ಎರಡನೆಯ ಕೂಸು, ಕಾಲ ಬಳಿ ಅತ್ತೆ ಕಮಲವ್ವ. ನೋಡಿಕೊಂಡು ಹೋಗಲು ಬಂದವಳು ನಾನು. ಕಮಲವ್ವ ನನ್ನ ರಟ್ಟೆ ಹಿಡಿದು ಬಾಗಿಲಿಗೆಳೆದರು.

"ಖರೇ ಹೇಳ್ರಿ ಅಕ್ಕಾರ, ಕೂಸಿನ ಮ್ಯಾಲೆ ಏನ್ ಬರದೀರಿ?"

ನಿನ್ನೆಯಷ್ಟೇ ನನಗೆ ಬಿಸಿ ರೊಟ್ಟಿ ಬಡಿದುಕೊಟ್ಟ ಕೈ ಅದು.

ನಂಜನಗೂಡಿನಿಂದ ಬಂದು ಬೆಟಗೇರಿಯಲ್ಲಿ ಕಮಲವ್ವನವರ ಮಾಳಿಗೆಯ ಮೇಲೆ ಬಾಡಿಗೆಗಿದ್ದೇನೆ. ಕೆಳಗೆ ಅವರ ಸೀರೆ ಮಗ್ಗ. ಗದಗಿನ ಇದೇ ಆಸ್ಪತ್ರೆಯಲ್ಲಿ, ವೈದ್ಯರು ಬರೆದ ಕಾಯಿಲೆಗೆ ತಕ್ಕ ಸಂಕೇತವನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಕೋಡಿಂಗ್ ಎನ್ನುತ್ತಾರೆ. ನಮ್ಮ ಕಡೆ ಹೀಗೆಂದರೆ "ಸರಿ ಬುಡವ್ವ" ಎಂದು ಸುಮ್ಮನಾಗುತ್ತಾರೆ. ಇಲ್ಲಿ ಬೇರು ಸಮೇತ ಕೆದಕುತ್ತಾರೆ. ನಾನು ಮುದ್ದೆ ತಿನ್ನುವುದನ್ನೂ ಕಮಲವ್ವ ಇಣುಕಿ ನೋಡಿ, "ಅಗಿಯೂದಿಲ್ಲಂತ, ನುಂಗತಾರಂತ!" ಎಂದು ಓಣಿಗೆಲ್ಲ ಖಬರು ಮುಟ್ಟಿಸಿದ್ದರು.

ಕೂಸಿನ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಹಿಮ್ಮಡಿ ಚುಚ್ಚಿ ನೋಡುತ್ತಿದ್ದರು. ಕಮಲವ್ವನಿಗೆ ಸಂಶಯ ಬಂದದ್ದು ಸೊಸೆಯ ತವರಿನ ಮೇಲೆ.

"ಮುಂಡರಗಿಯಾಗ ಇಕಿ ಅವ್ವಗ ಸಕ್ರಿ ಬ್ಯಾನಿ ಐತಿ. ಇಕಿಗೂ ಇದ್ದದ್ದು ಮುಚ್ಚಿಟ್ಟಾರ. ಹಂಗಿದ್ರ ಕೂಸು ನಮ್ಮನ್ಯಾಗ ಇರ್ಲಿ, ಇಕಿ ತವರಿಗೆ ನಡೀಲಿ."

ಒಳಗೆ ಶಶಿಕಲಾ ಗೋಡೆಯತ್ತ ಹೊರಳಿದಳು.

ತಾಯಿಯ ಸಕ್ಕರೆ ಕಾಯಿಲೆಯಿಂದ ಕೂಸಿಗೆ ಹೀಗಾದರೆ ಒಂದು ಸಂಕೇತ. ಬೇರೆ ಕಾರಣಕ್ಕೆ ಬಂದು ಹೋಗುವುದಾದರೆ ಇನ್ನೊಂದು. ಕಾರಣವನ್ನು ವೈದ್ಯರು ಇನ್ನೂ ಬರೆದಿರಲಿಲ್ಲ. ನಾನು ಊಹಿಸುವಂತಿಲ್ಲ; ಗೊತ್ತಿದ್ದರೂ ಹೊರಗೆ ಹೇಳುವಂತಿಲ್ಲ.

"ನಾನು ಹೇಳಕಾಗಲ್ಲ ಕಣಮ್ಮ."

"ಆತು ತಗೋರಿ. ನೀವೂ ಮುಂಡರಗಿಯವ್ರ ಕಡೀನ."

ಹೋಗಿ ಡಾಕ್ಟರಮ್ಮನಿಗೆ ಕಮಲವ್ವನ ಸಂಶಯ ತಿಳಿಸಿ, ಕಾರಣ ಕೇಳಿದೆ. ಅವರು ಕೋಣೆಗೆ ಬಂದು, "ಎಲ್ಲಾರ ಮುಂದ ಹೇಳ್ಲೇನವಾ?" ಎಂದು ಶಶಿಕಲಾಳನ್ನು ಕೇಳಿದರು. ಅವಳು ಹೂಂ ಎಂದು ತಲೆಯಾಡಿಸಿದಳು.

"ನಿನಗ ಸಕ್ರಿ ಬ್ಯಾನಿ ಇಲ್ಲ, ಪರೀಕ್ಷೆ ಎಲ್ಲಾ ಚಲೋ ಅದಾವ. ಕೂಸಿಗೆ ಮೊದಲ ಹಾಲು ಯಾವಾಗ ಕುಡಿಸಿದಿ?"

ಶಶಿಕಲಾ ಅತ್ತೆಯ ಮುಖ ನೋಡಿದಳು.

"ಸೋದರತ್ತಿ ಬಂದು ಬೆಲ್ಲದ ನೀರು ಮುಟ್ಟಿಸಿದ ಮ್ಯಾಲೇ ಹಾಲ್ರಿ ನಮ್ಮಲ್ಲಿ," ಎಂದರು ಕಮಲವ್ವ. ಸೋದರತ್ತೆ ಎಂದರೆ ಕೂಸಿನ ತಂದೆಯ ತಂಗಿ, ಕಮಲವ್ವನ ಮಗಳು. "ಲಕ್ಷ್ಮೇಶ್ವರದಿಂದ ಬರಬೇಕಿತ್ತು. ಬಸ್ಸು ದಾರ್ಯಾಗ ಕೆಟ್ಟು ನಿಂತಿತ್ರಿ."

"ನರ್ಸ್ ಕೇಳಲಿಲ್ಲೇನು?"

"ಕುಡಿಸೇವಿ ಅಂದ್ವಿ."

"ಬಸ್ಸು ಕೆಟ್ಟದ್ದಕ್ಕ ಬೀಗರನ್ನ ಬೈತಿಯಲ್ಲಬೇ! ಹಾಲು ತಡಾ ಆತು, ಸಕ್ರಿ ಇಳೀತು. ಕುಡದ ಮ್ಯಾಲೆ ಏರೇತಿ. ಇನ್ನಷ್ಟು ನೋಡಿ ಮನಿಗೆ ಕಳಸ್ತೀನಿ, ತಾಯಿ ಕೂಸು ಇಬ್ಬರನ್ನೂ."

ಅವರು ಬರೆದರು, ಬಂದು ಹೋಗುವ ತೊಂದರೆಯ ಸಂಕೇತವನ್ನು ನಾನು ಹಾಕಿದೆ. ಕಮಲವ್ವ ಮೆಟ್ಟಿಲಿಳಿಯುತ್ತ, "ಹಂಗಂತ ಮುಂಡರಗಿಯವ್ರು ಭಾಳ ಸಾಚಾ ಅಂತೇನಿಲ್ಲ," ಎಂದರು.

ತೊಟ್ಟಿಲಿಗೆ ಹಾಕುವ ದಿನ ಮುಂಡರಗಿಯವರೂ ಬಂದರು. ಕಮಲವ್ವ ನನ್ನನ್ನು ಕೆಳಗೆ ಕರೆದು, ಕೂಸನ್ನು ನನ್ನ ಮಡಿಲಲ್ಲಿ ಮಲಗಿಸಿದರು. "ಇವ್ರ್ಯಾರಬೇ?" ಎಂದಳು ಲಕ್ಷ್ಮೇಶ್ವರದ ಮಗಳು. "ನಮ್ಮನಿಯಾಕಿ," ಎಂದರು. ಆಮೇಲೆ ಮಗಳನ್ನು ಅಡುಗೆಮನೆಗೆ ಕರೆದೊಯ್ದು ಏನೋ ಪಿಸುಗುಟ್ಟತೊಡಗಿದರು. ನಾನು ಅತ್ತ ನೋಡಿದೆ. ಕಮಲವ್ವ ಕದವನ್ನು ಮುಂದಕ್ಕೆಳೆದುಕೊಂಡರು.